ಕೂತ ಜಿರಾಫೆ

“ಏಯ್ ತನುಜಾ, ನಿನ್ ಮಗಳ ಮೂಗು ಒರಸೇ! ನನ್ ಹುಳಕ್ಕೆ ನೆಗಡಿ ಹತ್ಕಂಡ್ರೆ ನಿಮ್ಮಪ್ಪ ಬಂದು ಕಷಾಯ ಕುಡಿಸ್ತಾನೇನೇ?”

ಚಲಪತಿ ಇಷ್ಟನ್ನೂ ಪಿಸುಮಾತಿನಲ್ಲೇ ಹೇಳಿದ. ಬೇರೆ ದಿನವಾಗಿದ್ದರೆ ಅವನ ಬೈಗುಳ ದಿಬ್ಬೂರಹಳ್ಳಿ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಕೇಳುತ್ತಿತ್ತು. ಆದರೆ ಅವತ್ತು ಬೆಳಿಗ್ಗೆ ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ರೇಷ್ಮೆಹುಳ ಪೊರೆ ಬಿಡುವುದಕ್ಕೆ ಮುಂಚೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಹುಳವನ್ನು ಮುಟ್ಟಬಾರದು, ಹುಳದ ತಟ್ಟೆ ಜೋಡಿಸಿದ ಸ್ಟ್ಯಾಂಡು ಅಲುಗಿಸಬಾರದು. ಮಾತೇ ಆಡಬಾರದು ಅನ್ನುವುದು ಮಾತ್ರ ಚಲಪತಿ ತಾನಾಗಿ ಸೇರಿಸಿಕೊಂಡ ಕಾನೂನು.

ನಾನು ಒಳಗೆ ಸೊಪ್ಪಿನ ಕಡ್ಡಿ ಗುಡಿಸುತ್ತಿದ್ದೆ. ನನ್ನ ಮಗಳು ಸಂಘಮಿತ್ರ, ನಾವು ಕರೆಯುವುದು ಮಿತ್ರಾ ಅಂತ, ಹೊರಗಿನಿಂದ ಕಿಟಕಿಯ ಜಾಲರಿಗೆ ಮೂಗು ಒತ್ತಿ ನಿಂತಿದ್ದಳು. ಮೂಗು ಸೋರುತ್ತಿದ್ದದ್ದು ನಿಜ. ಹೊರಗಡೆ ಟಾರ್ಪಾಲಿನ ಕೆಳಗೆ ಕೂರಿಸಿದ ಮಕ್ಕಳಿಗೆ ಮೂಗು ಸೋರದೆ ಜೇನುತುಪ್ಪ ಸೋರುತ್ತದೆಯೇ?

ಈ ಕೋಣೆ ಯಾವುದು ಅಂತ ಮೊದಲೇ ಹೇಳಬೇಕಿತ್ತು. ಇದು ಅಂಗನವಾಡಿ. ಬಾಗಿಲ ಮೇಲೆ ಬೋರ್ಡು ಹಾಗೇ ಇದೆ. ಕಿಟಕಿಗೆ ಸೊಳ್ಳೆ ಬಾರದ ಹಾಗೆ ಜಾಲರಿ, ಮೇಲೆ ಫ್ಯಾನು, ಗಾಳಿ ಬೆಳಕು ಎಲ್ಲ ಚೆನ್ನಾಗಿದೆ. ಚೆನ್ನಾಗಿದ್ದದ್ದೇ ತಪ್ಪಾಯಿತು. ಪಂಚಾಯ್ತಿ ಅಧ್ಯಕ್ಷೆಯ ಗಂಡ ಚಲಪತಿ ಒಂದು ದಿನ ಬಂದು ನೋಡಿದ, “ಇದು ಹುಳ ಸಾಕೋಕೆ ಹೇಳಿ ಮಾಡಿಸ್ದಂಗೈತೆ” ಅಂದ. ಒಂದು ಬೆಳೆ ಅಷ್ಟೇ ಅಂತ ಸ್ಟ್ಯಾಂಡು ತಂದು ನಿಲ್ಲಿಸಿದ. ಆ ಒಂದು ಬೆಳೆ ಇನ್ನೂ ಮುಗಿದಿಲ್ಲ. ಮಕ್ಕಳು ಹೊರಗೆ, ಹುಳ ಒಳಗೆ. ಕೇರಿಯ ಹೆಂಗಸರಾದ ನಾವು ಒಳಗೆ ಹೋಗಿ ಹುಳಕ್ಕೆ ಉಣ್ಣಿಸಿ, ಹೊರಗೆ ಬಂದು ನಮ್ಮ ಮಕ್ಕಳ ಕೈಯಿಂದ ಮೊಟ್ಟೆ ಕಿತ್ತುಕೊಂಡು ಹೋಗುವ ನಾಯಿಗಳನ್ನು ಓಡಿಸಬೇಕು.

“ಚಲಪತಣ್ಣ, ಮಗಿಗೆ ತಂಡಿ ಆಗೈತೆ. ಇವತ್ತೊಂದಿನ ಮೂಲೇಲಿ ಕೂರ್ಸ್ಕೊಳ್ಳಾ?” ಅಂತ ನಾನೂ ಪಿಸುಗುಟ್ಟಿದೆ.

“ಒಳಗಾ? ನಿಮ್ ಮಕ್ಕಳಾ? ಈರುಳ್ಳಿ ವಾಸನೆ, ಎಣ್ಣೆ ವಾಸನೆ, ಇನ್ನೇನೇನು ವಾಸನೇನೋ. ಹುಳ ಸೂಕ್ಷ್ಮ ಕಣೇ. ನಿಮ್ಮಂಗಲ್ಲ.”

ನನ್ನ ಅತ್ತೆ ಗಂಗುಲಮ್ಮ ಇನ್ನೊಂದು ಸ್ಟ್ಯಾಂಡಿನ ಹಿಂದೆ ಇದ್ದಳು. ಬೈಗುಳದಲ್ಲಿ ಅವಳು ನಮ್ಮ ಹೋಬಳಿಗೇ ದೊಡ್ಡವಳು. “ನಾವು ಕೊಯ್ದ ಸೊಪ್ಪು, ನಾವು ಹಾಕಿದ ಸೊಪ್ಪು ತಿಂದು ಬೆಳೆದಿರೋ ಹುಳ, ನಮ್ಮ ಮಕ್ಕಳು ಉಸಿರು ಬಿಟ್ರೆ ಸಾಯ್ತವೇನೋ ಮುಂಡೇಮಗ್ನೇ” ಅಂತ ಅವಳೂ ಪಿಸುಗುಟ್ಟಿದಳು. ಪಿಸುಮಾತಿನಲ್ಲಿ ಬೈದರೆ ಬೈಗುಳಕ್ಕೆ ಏನೂ ಬೆಲೆ ಇಲ್ಲ. ಯಾರೋ ಮುದುಕಿ ಜಪ ಮಾಡುತ್ತಿದ್ದಾಳೆ ಅನ್ನಿಸುತ್ತದೆ. ಚಲಪತಿಗೆ ಕೇಳಿಸಲೇ ಇಲ್ಲ. ಅತ್ತೆ ಸಿಟ್ಟಿಗೆ ಸೊಪ್ಪಿನ ಕಡ್ಡಿಯನ್ನು ಕಚಕಚ ಅಗಿದಳು.

ಅವತ್ತೇ ಮಕ್ಕಳನ್ನು ಅಳೆಯುವ ಸರ್ಕಾರಿ ತಂಡ ಬರುವುದಿತ್ತು.

ಮಕ್ಕಳ ಕುಬ್ಜತೆ ನಿವಾರಣೆಗೆ ಎಲ್ಲ ಇಲಾಖೆಗಳೂ ಒಗ್ಗೂಡಿ ಕೆಲಸ ಮಾಡಬೇಕು ಅಂತ ಮೇಲಿನಿಂದ ಆದೇಶವಾಗಿತ್ತಂತೆ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದೆ ಮಕ್ಕಳು ಗಿಡ್ಡವಾಗಿ ನಿಂತುಬಿಟ್ಟರೆ ಅದು ಕುಬ್ಜತೆ. ನಮ್ಮ ಟೀಚರು ಕಮಲಮ್ಮ ಇದನ್ನು ನನಗೆ ಹೇಳಿದ್ದರು, ಮಿತ್ರಾಳನ್ನು ತೋರಿಸಿಯೇ ಹೇಳಿದ್ದರು. “ಇವಳು ಗಿಡ್ಡ ಅಂತ ಒಂದ್ಸಲ ಬರಕೊಂಡ್ರೆ ದಿನಾ ಹಾಲು, ಎರಡು ಮೊಟ್ಟೆ, ಡಾಕ್ಟ್ರು ಎಲ್ಲ ಬರ್ತೈತೆ ತನುಜಾ. ರೂಮೂ ಬಿಡಿಸಿಕೊಡ್ತಾರೆ, ಮಕ್ಕಳು ಒಳಗೇ ಇರ್ಬೇಕು ಅಂತ ರೂಲ್ಸು ಐತೆ.” ಅವತ್ತಿನಿಂದ ನಾನು ತಂಡ ಬರುವ ದಾರಿಯನ್ನೇ ಕಾಯುತ್ತಿದ್ದೆ. ಮಗಳು ಗಿಡ್ಡ ಅಂತ ಸರ್ಕಾರ ಒಪ್ಪಿಕೊಳ್ಳಲಿ ಅಂತ ಕಾದ ತಾಯಿ ನಾನೊಬ್ಬಳೇ ಇರಬೇಕು.

ಧೂಳೆಬ್ಬಿಸಿಕೊಂಡು ಜೀಪುಗಳು ಬಂದವು. ಒಂದೊಂದು ಇಲಾಖೆಗೆ ಒಂದೊಂದು ಜೀಪು. ಒಗ್ಗೂಡಿ ಬಂದದ್ದಕ್ಕೆ ಗುರುತಾಗಿ ಎಲ್ಲ ಜೀಪಿಗೂ ಒಂದೇ ಬ್ಯಾನರಿನ ತುಂಡು ಕಟ್ಟಿದ್ದರು. ಮಕ್ಕಳ ಇಲಾಖೆಯ ಗಣೇಶ್ ಪ್ರಸಾದ್ ಸಾಹೇಬರು ಮುಂದಾಳು. ಅವರ ಹಿಂದೆ ಡಾಕ್ಟರಮ್ಮ, ಶಾಲೆ ಕಡೆಯ ಸಾಹೇಬರು, ಪಂಚಾಯ್ತಿ ಇಂಜಿನಿಯರು, ಪಪ್ಪಾಯಿ ಸಸಿ ಹಿಡಿದುಕೊಂಡ ತೋಟಗಾರಿಕೆಯವರು. ರೇಷ್ಮೆಯವರು ಯಾಕೆ ಬಂದರೋ ಅವರಿಗೇ ಗೊತ್ತಿರಲಿಲ್ಲ. ಎಲ್ಲ ಇಲಾಖೆ ಅಂದಮೇಲೆ ಅವರದೂ ಇಲಾಖೆಯೇ ತಾನೇ. ಅವರ ಹೆಸರು ರಮೇಶ್‌ಬಾಬು.

“ನಮಸ್ಕಾರಾ!” ಅಂತ ಗಣೇಶ್ ಪ್ರಸಾದ್ ಸಾಹೇಬರು ಕೈ ಮುಗಿದದ್ದೇ ತಡ, ಚಲಪತಿ ಓಡಿಬಂದು ಅವರ ಬಾಯಿಗೆ ಕೈ ಅಡ್ಡ ಹಿಡಿದ.

“ಮೆತ್ತಗೆ ಸಾರ್, ಮೆತ್ತಗೆ! ಹುಳ ಜ್ವರಕ್ಕೆ ಕೂತವೆ.”

ಸಾಹೇಬರು ಒಂದು ಗಳಿಗೆ ಅವನ ಮುಖ ನೋಡಿದರು, ಆಮೇಲೆ ಅಧ್ಯಕ್ಷೆಯ ಗಂಡ ಅನ್ನುವುದು ನೆನಪಾಗಿರಬೇಕು. “ಹೌದಾ? ಸಾರಿ, ಸಾರಿ” ಅಂತ ದನಿ ಇಳಿಸಿದರು. ಹಾಗಾಗಿ ಕುಬ್ಜತೆ ನಿವಾರಣೆಯ ಉದ್ಘಾಟನೆ, ಸ್ವಾಗತ, ಭಾಷಣ ಎಲ್ಲವೂ ಪಿಸುಮಾತಿನಲ್ಲಿ ನಡೆದವು. ಟಾರ್ಪಾಲಿನ ಕೆಳಗೆ ನಾವು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತು, ಸಾಹೇಬರ ತುಟಿಗಳು ಅಲ್ಲಾಡುವುದನ್ನು ನೋಡಿದೆವು. ಭಾಷಣ ಮುಗಿದಾಗ ಚಪ್ಪಾಳೆ ತಟ್ಟಬೇಕಲ್ಲ. ಎಲ್ಲರೂ ಎರಡು ಕೈ ಹತ್ತಿರ ತಂದು, ತಾಗುವಷ್ಟರಲ್ಲಿ ನಿಲ್ಲಿಸಿದರು. ಮಕ್ಕಳಿಗೆ ಅದು ಬಹಳ ಹಿಡಿಸಿತು. ಆಮೇಲೂ ಎಷ್ಟೋ ಹೊತ್ತು ಹಾಗೇ ಮಾಡುತ್ತ ಕೂತವು.

ಅಳೆಯುವ ಹೊತ್ತು ಬಂತು. ಎತ್ತರ ಅಳೆಯುವ ಕೋಲು ಎಲ್ಲಿ ಅಂತ ಸಾಹೇಬರು ಕೇಳಿದರು.

“ಗೌರಿಬಿದನೂರು ಕಡೆಯೋರು ತಗೊಂಡೋಗವ್ರೆ ಸಾರ್” ಅಂದರು ಕಮಲಮ್ಮ ಟೀಚರು.

“ತಕ್ಕಡಿ?”

“ಅದು ಚಿಂತಾಮಣಿ ಕಡೆಗೆ ಹೋಗೈತೆ ಸಾರ್. ಒಗ್ಗೂಡಿ ಉಪಯೋಗಿಸ್ಕಬೇಕು ಅಂತ ನೀವೇ ಫೋನ್ ಮಾಡಿದ್ರಿ.”

ಇಂಜಿನಿಯರು ಜೇಬಿನಿಂದ ಟೇಪು ತೆಗೆದರು. ಅದು ರಸ್ತೆ ಅಳೆಯುವ ಟೇಪು, ಮಕ್ಕಳನ್ನು ಅಳೆದರೆ ಆಡಿಟ್ ಬರುತ್ತದೆ ಅಂತ ಹೇಳಿ ಮತ್ತೆ ಜೇಬಿಗೆ ಇಟ್ಟುಕೊಂಡರು. ಆಗ ಶಾಲೆ ಕಡೆಯ ಸಾಹೇಬರಿಗೆ ಜ್ಞಾಪಕ ಬಂತು, ಒಳಗೆ ಗೋಡೆ ಮೇಲೆ ಅವರ ಇಲಾಖೆ ಬರೆಸಿದ ಜಿರಾಫೆ ಇದೆ. ಜಿರಾಫೆಯ ಪಕ್ಕ ಅಡಿ, ಅಂಗುಲ ಎಲ್ಲ ಗೆರೆ ಹಾಕಿದೆ. ಕೆಳಗೆ ಕೆಂಪು ಪಟ್ಟಿ, ಮೇಲೆ ಹಸಿರು ಪಟ್ಟಿ. ಮಗು ಅದಕ್ಕೆ ಬೆನ್ನು ಕೊಟ್ಟು ನಿಂತಾಗ ತಲೆ ಕೆಂಪಿನಲ್ಲಿದ್ದರೆ ಗಿಡ್ಡ, ಹಸಿರಿನಲ್ಲಿದ್ದರೆ ಸರಿ.

ಚಲಪತಿ ಮೊದಲು ಆಗುವುದಿಲ್ಲ ಅಂದ. ಗಣೇಶ್ ಪ್ರಸಾದ್ ಸಾಹೇಬರು ಅವನ ಕಿವಿಯಲ್ಲಿ ಏನೋ ಹೇಳಿದ ಮೇಲೆ ಒಪ್ಪಿದ. ಸಾಹೇಬರಿಗೆಲ್ಲ ಹುಳದ ಮನೆಯ ರಬ್ಬರ್ ಚಪ್ಪಲಿ ಕೊಟ್ಟ. ನಮ್ಮ ಮಕ್ಕಳನ್ನು ಬಾಗಿಲ ಬಳಿ ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಬರಿಗಾಲಲ್ಲಿ ನಿಲ್ಲಿಸಿದ. ತಲೆ ಮೇಲೆ ಸುಣ್ಣದ ಪುಡಿ ಉದುರಿಸಿದ. ಪುಡಿ ಕಣ್ಣಿಗೆ ಬಿದ್ದು ಒಂದು ಕೂಸು ಅಳುವುದಕ್ಕೆ ಶುರು ಮಾಡಿದಾಗ, “ಬಾಯಿ ಮುಚ್ಸೇ ಅದರದ್ದು!” ಅಂತ ಅದರ ತಾಯಿಯ ಮೇಲೆ ಹಾರಿಬಿದ್ದ. ಅವಳು ಸೆರಗಿನಿಂದ ಕೂಸಿನ ಬಾಯಿ ಒತ್ತಿ ಹಿಡಿದಳು. ಡಾಕ್ಟರಮ್ಮ ಬೇರೆ ಕಡೆ ನೋಡಿದರು. ನನ್ನ ಮೈಯೆಲ್ಲ ಉರಿಯಿತು. ಆದರೆ ಹಾಲು, ಮೊಟ್ಟೆ, ಕೋಣೆ ಅಂತ ಎಣಿಸಿಕೊಂಡು ಮಿತ್ರಾಳ ತಲೆಯನ್ನೂ ಪುಡಿಗೆ ಒಡ್ಡಿದೆ. ಬಿಳಿ ತಲೆಯಾಗಿ ಅವಳು ಥೇಟ್ ನಮ್ಮ ಅತ್ತೆಯ ಥರ ಕಂಡಳು.

ಒಳಗೆ ಹೋದ ಕೂಡಲೇ ರಮೇಶ್‌ಬಾಬು ಹುಳದ ತಟ್ಟೆಗೆ ಬಗ್ಗಿದರು. ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಏನ್ ಸೈಜು! ಎಲ್ಲಾ ಒಂದೇ ಸಮ. ಒಂದೂ ಗಿಡ್ಡ ಇಲ್ಲ! ಏನ್ ಕೊಡ್ತೀರಿ ಚಲಪತಿಯವರೇ?”

“ಹೊತ್ತೊತ್ತಿಗೆ ಎಳೇ ಸೊಪ್ಪು ಸಾರ್. ಬೆಚ್ಚಗಿರಬೇಕು, ಗಾಳಿ ಇರಬೇಕು. ಹಸಿವು ಅನ್ನೋದೇ ಗೊತ್ತಾಗಬಾರದು.”

“ಬರಕೊಳ್ರೀ, ಬರಕೊಳ್ರೀ” ಅಂತ ಗಣೇಶ್ ಪ್ರಸಾದ್ ಸಾಹೇಬರು ಟೀಚರಿಗೆ ಹೇಳಿದರು. “ಮಕ್ಕಳಿಗೂ ಹೀಗೇ ಮಾಡ್ಬೇಕು ನೀವು.”

ಆಮೇಲೆ ಮಕ್ಕಳನ್ನು ಒಂದೊಂದಾಗಿ ಜಿರಾಫೆಗೆ ಒರಗಿಸಿದರು. ಮೊದಲನೇ ಮಗು, ಹಸಿರು ಪಟ್ಟಿ. ಎರಡನೇದು, ಹಸಿರು. ಮಿತ್ರಾ, ಅಷ್ಟು ಗಿಡ್ಡ ಅಂತ ಟೀಚರೇ ಹೇಳಿದ್ದ ನನ್ನ ಮಿತ್ರಾ, ಅವಳದೂ ತಲೆ ಹಸಿರು ಪಟ್ಟಿಯಲ್ಲಿ. ಅವಳಿಗೆ ಖುಷಿಯೋ ಖುಷಿ. “ಅಮ್ಮಾ, ನಾನು ಉದ್ದ!” ಅಂತ ಪಿಸುಗುಟ್ಟಿದಳು. ಇಡೀ ಕೇರಿಯಲ್ಲಿ ಒಂದೂ ಗಿಡ್ಡ ಮಗು ಇಲ್ಲ! ಸಾಹೇಬರು ಎರಡು ಕೈ ಹತ್ತಿರ ತಂದು ನಿಲ್ಲಿಸಿದರು, ಎಲ್ಲರೂ ಹಾಗೇ ಮಾಡಿದರು. ಚಲಪತಿಗೆ ಒಂದು ಶಾಲು ಹೊದಿಸಿ ಫೋಟೋ ತೆಗೆದು, ನಿಂತಲ್ಲೇ ಮೊಬೈಲಿನಲ್ಲಿ ಮೇಲಿನವರ ಗುಂಪಿಗೆ ಕಳಿಸಿದರು.

“ಕುಬ್ಜತೆ ಮುಕ್ತ ಗ್ರಾಮ!” ಅಂದರು ಗಣೇಶ್ ಪ್ರಸಾದ್ ಸಾಹೇಬರು. “ಜಿಲ್ಲೆಗೇ ಮಾದರಿ. ಇನ್ನು ಇಲ್ಲಿಗೆ ಹಾಲು, ಎಕ್ಸ್‌ಟ್ರಾ ಮೊಟ್ಟೆ ಬೇಕಾಗಿಲ್ಲ, ಬೇರೆ ಕಡೆ ಕೊಡೋಣ. ಮಕ್ಕಳು ಹೊರಗಡೆ ಗಾಳೀಲಿ ಚೆನ್ನಾಗೇ ಬೆಳೀತಾ ಇದಾರೆ, ಹಂಗೇ ಬಿಡಿ.”

ನನಗೆ ನಿಂತ ನೆಲವೇ ಸರಿಯಿಲ್ಲ ಅನ್ನಿಸಿತು. ನಿಂತ ನೆಲ ಸರಿಯಿರಲಿಲ್ಲ ಕೂಡ. ಎಲ್ಲರ ಕಣ್ಣಿಗೂ ಅದು ಕಾಣುತ್ತಿತ್ತು. ಹುಳಕ್ಕೆ ಕೆಳಗಿನ ಥಂಡಿ ತಾಗುತ್ತದೆ ಅಂತ ಚಲಪತಿ ಅಂಗನವಾಡಿ ರಿಪೇರಿಯ ಹೆಸರಲ್ಲಿ ನೆಲವನ್ನು ಒಂದು ಗೇಣು ಎತ್ತರಿಸಿ ಸಿಮೆಂಟು ಹಾಕಿಸಿದ್ದ. ಜಿರಾಫೆಯ ಕಾಲು ನೆಲದೊಳಗೆ ಹೂತುಹೋಗಿತ್ತು. ಹೊಟ್ಟೆ ನೆಲಕ್ಕೆ ತಾಗಿಕೊಂಡು, ಮೇಲೆ ಕತ್ತು ಮಾತ್ರ ಉದ್ದಕ್ಕೆ ನಿಂತಿತ್ತು. ಒಂದು ಗೇಣು ಮೇಲೆ ನಿಲ್ಲಿಸಿದರೆ ಯಾವ ಮಗು ತಾನೇ ಗಿಡ್ಡವಾಗಿರುತ್ತದೆ?

“ಸಾರ್” ಅಂದೆ. “ಜಿರಾಫೆಗೆ ಕಾಲಿಲ್ಲ.”

ಎಲ್ಲರೂ ಜಿರಾಫೆ ನೋಡಿದರು. ಅವರು ಆಗಲೇ ನೋಡಿದ್ದರು ಅನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು.

“ಜಿರಾಫೆ ಶಿಕ್ಷಣ ಇಲಾಖೇದು” ಅಂದರು ಗಣೇಶ್ ಪ್ರಸಾದ್ ಸಾಹೇಬರು.

“ನಾವು ಕಾಲು ಸಮೇತ ಕೊಟ್ಟಿದ್ವಿ. ನೆಲ ಪಂಚಾಯ್ತಿದು” ಅಂದರು ಶಾಲೆ ಸಾಹೇಬರು.

“ನೆಲ ಲೆವೆಲ್ ಆಗಿದೆ, ಬೇಕಾದ್ರೆ ಚೆಕ್ ಮಾಡಿ. ನೆಲದ ಮೇಲೆ ನಿಲ್ಲಿಸಿದ ಮಕ್ಕಳು ನಮ್ಮದಲ್ಲ” ಅಂದರು ಇಂಜಿನಿಯರು.

ರಮೇಶ್‌ಬಾಬು ಹುಳದ ತಟ್ಟೆಯಿಂದ ತಲೆ ಎತ್ತಿ, “ಜಿರಾಫೆ ಕೂತಿದೆ ಅಂತ ತಿಳ್ಕೊಳ್ಳಮ್ಮ. ಕೂರಬಾರದು ಅಂತ ಏನಿದೆ?” ಅಂದರು.

ಎಲ್ಲರಿಗೂ ಸಮಾಧಾನವಾಯಿತು. ಜಿರಾಫೆ ಕೂತಿದೆ ಅನ್ನುವುದನ್ನು ಎಲ್ಲ ಇಲಾಖೆಗಳೂ ಒಗ್ಗೂಡಿ ಒಪ್ಪಿಕೊಂಡವು. ಚಲಪತಿ ನನ್ನ ಹತ್ತಿರ ಬಂದು, “ಓದ್ದೋಳು ಅಂತ ತೋರಿಸ್ಕೋತೀಯೇನೇ? ನಾಳೆಯಿಂದ ಸೊಪ್ಪಿಗೆ ಬರಬೇಡ, ಪೋ!” ಅಂತ ಹಲ್ಲು ಕಚ್ಚಿದ.

ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಹೊರಗೆ ಟಾರ್ಪಾಲಿನ ಕೆಳಗೆ ಸಾರಿನ ಪಾತ್ರೆ ಇಳಿಸಿದ ಸದ್ದಾಯಿತು, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಕಿಟಕಿಯಿಂದ ಬಂತು. ಹೊರಗೆ ಹೋಗಿ ಸಾಲಾಗಿ ಕೂತುಕೊಳ್ಳಿ ಅಂತ ಟೀಚರು ಮಕ್ಕಳಿಗೆ ಸನ್ನೆ ಮಾಡಿದರು. ಮಕ್ಕಳು ಎದ್ದವು. ಆಗ ನಮ್ಮ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

“ಯಾರೂ ಹೊರಗೆ ಹೋಗ್ಬೇಡಿ” ಅಂದಳು. ಪಿಸುಮಾತಿನಲ್ಲಲ್ಲ, ತನ್ನ ನಿಜವಾದ ಗಂಟಲಿನಲ್ಲಿ. ಹೊರಗೆ ನಾಯಿಗಳೆಲ್ಲ ಬೊಗಳತೊಡಗಿದವು. “ಟೀಚರಮ್ಮಾ, ಪಾತ್ರೆ ಇಲ್ಲಿಗೇ ತಗೊಂಬಾ. ಉದ್ದ ಆದ ಮಕ್ಕಳು ಒಳಗೇ ಉಣ್ಲಿ!”

ಚಲಪತಿ ಎರಡು ಕೈಯಲ್ಲೂ ಅವಳ ಬಾಯಿ ಮುಚ್ಚಲು ಬಂದ. “ಮೆತ್ತಗೆ ಗಂಗುಲಮ್ಮಾ! ಹುಳ! ನನ್ನ ಹುಳ!”

“ನಿನ್ ಹುಳಕ್ಕಿಷ್ಟು ಬೆಂಕಿ ಹಾಕ! ನನ್ನ ಮೊಮ್ಮಗಳ ತಲೆಗೆ ಸುಣ್ಣ ಹುಯ್ದೋನೇ, ನಿನ್ ತಿಥಿಗೆ ಇದೇ ಸುಣ್ಣ ಹುಯ್ತೀನೋ, ಬೋಳಿಮಗ್ನೇ!”

ಬೆಳಗಿನಿಂದ ಒತ್ತಿಟ್ಟುಕೊಂಡ ಬೈಗುಳವನ್ನೆಲ್ಲ ಅವಳು ಬಿಚ್ಚಿದಳು. ಅದರಲ್ಲಿ ಮುಕ್ಕಾಲು ಪಾಲು ಇಲ್ಲಿ ಬರೆಯುವ ಹಾಗಿಲ್ಲ, ಅರ್ಧ ತೆಲುಗಿನಲ್ಲಿತ್ತು. ಕಮಲಮ್ಮ ಟೀಚರು ಒಂದು ಗಳಿಗೆ ಸಾಹೇಬರ ಮುಖ ನೋಡಿದರು, ಆಮೇಲೆ ಮಕ್ಕಳ ಮುಖ ನೋಡಿದರು. ಏನನ್ನಿಸಿತೋ, ಹೋಗಿ ಸಾರಿನ ಪಾತ್ರೆ ಎತ್ತಿಕೊಂಡು ಬಂದೇಬಿಟ್ಟರು. ನಾವು ಹೆಂಗಸರು ಸ್ಟ್ಯಾಂಡುಗಳ ನಡುವೆ ಮಕ್ಕಳನ್ನು ಕೂರಿಸಿ, ನಾವೂ ಕೂತೆವು. ಅನ್ನ, ಸಾರು, ಮೊಟ್ಟೆ. ಬೆಳ್ಳುಳ್ಳಿಯ ಘಮ ಕೋಣೆ ತುಂಬಿತು. ಮಕ್ಕಳು ಊಟದ ತಟ್ಟೆ ಬಡಿದು “ಮೊಟ್ಟೆ! ಮೊಟ್ಟೆ!” ಅಂತ ಕೂಗಿದವು.

ಚಲಪತಿಯ ಪಾಡು ನೋಡಬೇಕಿತ್ತು. ನಮ್ಮನ್ನು ಎಳೆದು ಹಾಕಬೇಕು, ಆದರೆ ಎಳೆದರೆ ಸ್ಟ್ಯಾಂಡು ಅಲುಗುತ್ತದೆ. ಗದರಿಸಬೇಕು, ಆದರೆ ಗದರಿಸಿದರೆ ಶಬ್ದವಾಗುತ್ತದೆ. ಅವನು ನಮ್ಮ ನಡುವೆ ಬೆರಳ ತುದಿಯಲ್ಲಿ ನಡೆದಾಡುತ್ತ, ಒಬ್ಬೊಬ್ಬರ ಕಿವಿಯ ಹತ್ತಿರ ಬಗ್ಗಿ, “ಲೌಡಿ, ನಿನ್ ಚರ್ಮ ಸುಲೀತೀನಿ” ಅಂತ ಗುಟ್ಟು ಹೇಳಿದ ಹಾಗೆ ಬೈದ. “ಏನಣ್ಣಾ? ಕೇಳಿಸ್ಲಿಲ್ಲ, ಜೋರಾಗಿ ಹೇಳು” ಅಂತ ನಾವು ಕೂಗಿದೆವು. ನನ್ನ ಜೀವಮಾನದಲ್ಲಿ ನಾನು ಅಷ್ಟು ನಕ್ಕಿರಲಿಲ್ಲ.

ಕೊನೆಗೆ ಅವನು ಸಾಹೇಬರ ಮುಂದೆ ಕೈ ಮುಗಿದು ನಿಂತ. “ಸಾರ್, ಬೆಳೆ ಹೋಗ್ತೈತೆ. ನಮ್ಮ ತೋಟದ ಮನೆಗೆ ಸಾಗಿಸ್ಬೇಕು. ನಿಮ್ ಜೀಪು…” ರಮೇಶ್‌ಬಾಬು ನಿಧಾನಕ್ಕೆ, ಅಲುಗದ ಹಾಗೆ ಸಾಗಿಸಿದರೆ ಉಳಿಯಬಹುದು ಅಂದರು. ಎತ್ತಿಕೊಡಿ ಅಂತ ನಮ್ಮ ಕಡೆ ನೋಡಿದರು. ನಾವು ಉಣ್ಣುತ್ತಿದ್ದೆವು.

ಹಾಗಾಗಿ ಇಲಾಖೆಗಳು ಒಗ್ಗೂಡಿದವು. ಇಂಜಿನಿಯರು ಒಂದು ಕಡೆ, ಡಾಕ್ಟರಮ್ಮ ಒಂದು ಕಡೆ ಹಿಡಿದು ಹುಳದ ತಟ್ಟೆ ಹೊತ್ತರು. ಶಾಲೆ ಸಾಹೇಬರು ತಲೆ ಮೇಲೆ ಇಟ್ಟುಕೊಂಡು, ಉಸಿರು ಬಿಗಿಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ನಡೆದರು. ತೋಟಗಾರಿಕೆಯವರು ಪಪ್ಪಾಯಿ ಸಸಿ ಎಸೆದು ಬಂದರು. ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟರು, “ನೀವು ಮೊದಲು ಸಾರ್” ಅಂದುಕೊಂಡರು. ಇಷ್ಟು ಚೆನ್ನಾಗಿ ಸರ್ಕಾರ ಕೆಲಸ ಮಾಡಿದ್ದನ್ನು ನಮ್ಮ ಕೇರಿ ಯಾವತ್ತೂ ಕಂಡಿರಲಿಲ್ಲ. ಜೀಪುಗಳು ಹುಳ ತುಂಬಿಕೊಂಡು ಮದುವೆ ಹೆಣ್ಣನ್ನು ಕರೆದೊಯ್ಯುವ ಹಾಗೆ ಮೆತ್ತಗೆ ಹೊರಟವು. ಗಣೇಶ್ ಪ್ರಸಾದ್ ಸಾಹೇಬರ ಜೀಪಿನಲ್ಲಿ ಮಾತ್ರ ಅವರಿಗೇ ಜಾಗ ಉಳಿಯಲಿಲ್ಲ. ಅವರ ಸೀಟಿನ ಮೇಲೂ ಹುಳ ಕೂತಿದ್ದವು. ಅವರು ವಾಪಸು ಕೋಣೆಯೊಳಗೆ ಬಂದು ನಿಂತರು.

ಬರೀ ಸ್ಟ್ಯಾಂಡುಗಳು ಬಿಟ್ಟರೆ ಕೋಣೆ ಖಾಲಿಯಾಯಿತು. ಮಕ್ಕಳು ಆ ಮೂಲೆಯಿಂದ ಈ ಮೂಲೆಗೆ ಓಡಾಡಿದವು. ನಾನು ಹಿತ್ತಲಿಗೆ ಹೋಗಿ ಗುಂಡಿ ತೆಗೆಯುವ ಹಾರೆ ತಂದು, ಜಿರಾಫೆಯ ಹೊಟ್ಟೆಯ ಕೆಳಗೆ ನೆಲಕ್ಕೆ ಒಂದು ಏಟು ಹಾಕಿದೆ.

“ಏಯ್! ಅದು ಪಂಚಾಯ್ತಿ ಆಸ್ತಿ ಕಣೇ!” ಅಂತ ಜೀಪು ಕಳಿಸಿ ಹೊರಗೇ ನಿಂತಿದ್ದ ಚಲಪತಿ ಓಡಿಬಂದ. ಈಗ ಹುಳ ಇರಲಿಲ್ಲ, ಅವನ ದನಿ ಅವನಿಗೆ ವಾಪಸು ಬಂದಿತ್ತು. ನಮ್ಮ ಅತ್ತೆ ಸಾರಿನ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಇಡೀ ಕೇರಿಯ ಹೆಂಗಸರು ನಿಂತರು. ಅವನು ಅಲ್ಲೇ ನಿಂತ.

ಗಟ್ಟಿ ನೆಲ ಅಂತ ಬಿಲ್ಲಾಗಿದ್ದ ನೆಲ ಅದು. ಮೇಲೆ ಹಪ್ಪಳದಷ್ಟು ಸಿಮೆಂಟು, ಕೆಳಗೆ ಬರೀ ಮಣ್ಣು. ಮಣ್ಣಿನ ಜೊತೆಗೆ ಒಂದು ಮುರಿದ ಪ್ಲಾಸ್ಟಿಕ್ ರೈಲು, ಮರದ ಅಕ್ಷರದ ತುಂಡುಗಳು, ಒಂದು ಆಟದ ಚಕ್ರ ಬಂದವು. ಮಕ್ಕಳಿಗೆ ಅಂತ ಬಂದ ಸಾಮಾನನ್ನೇ ನೆಲ ತುಂಬಲು ಹಾಕಿದ್ದರು. ಟೀಚರು ಒಂದೊಂದನ್ನೇ ಎತ್ತಿ ಸೆರಗಿನಲ್ಲಿ ಒರೆಸಿ ಪಕ್ಕಕ್ಕೆ ಇಟ್ಟರು. ಜಿರಾಫೆಯ ಕಾಲು ಕಾಣಿಸಿತು. ಪೇಂಟರ್ ಅದಕ್ಕೆ ಕೆಂಪು ಬೂಟು ಹಾಕಿದ್ದ. ಬೂಟು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕವು.

ಹಳೆಯ ನೆಲ ಸಿಕ್ಕ ಮೇಲೆ ನಾನು ಮಿತ್ರಾಳನ್ನು ಎತ್ತಿ ಆ ಗುಂಡಿಯಲ್ಲಿ ನಿಲ್ಲಿಸಿದೆ. ಅವಳ ತಲೆ ಹಸಿರು ಪಟ್ಟಿಯಿಂದ ಇಳಿದು ಕೆಂಪು ಪಟ್ಟಿಯ ಒಳಗೆ ಹೋಯಿತು.

“ಅಮ್ಮಾ, ನಾನು ಚಿಕ್ಕೋಳಾಗ್ಬಿಟ್ಟೆ” ಅಂದಳು ಮಿತ್ರಾ.

ನನಗೆ ಅಳು ಬಂತು. ಎಷ್ಟು ದಿನ ಇದಕ್ಕೇ ಕಾದಿದ್ದೆ, ಆದರೂ ಆ ಕೆಂಪಿನಲ್ಲಿ ಅವಳ ಸುಣ್ಣ ಮೆತ್ತಿದ ತಲೆ ನೋಡಲಾರದೆ ಸೆರಗಿನಿಂದ ಒರೆಸಿದೆ. “ಅಲ್ಲೇ ನಿಂತ್ಕೊ ಕಣಮ್ಮ, ಅಲ್ಲಾಡಬೇಡ. ಈ ಸಾರ್ ನೋಡ್ಬೇಕು” ಅಂದೆ.

ಗಣೇಶ್ ಪ್ರಸಾದ್ ಸಾಹೇಬರು ನೋಡಿದರು. ನೋಡಿ ಮೊಬೈಲು ಮುಟ್ಟಿಕೊಂಡರು. “ನೋಡಮ್ಮ, ಫೋಟೋ ಆಗ್ಲೇ ಮೇಲಕ್ಕೆ ಹೋಗ್ಬಿಟ್ಟಿದೆ. ಅಭಿನಂದನೇನೂ ಬಂದುಬಿಟ್ಟಿದೆ. ಈಗ ಹೆಂಗೆ ಬದಲಾಯಿಸೋದು?”

ನಾನು ಬಾಗಿಲು ಮುಂದಕ್ಕೆ ಎಳೆದು ಒಳಗಿನಿಂದ ಚಿಲಕ ಹಾಕಿದೆ. ಬಾಗಿಲಿಗೆ ಬೆನ್ನು ಕೊಟ್ಟು, ಹಾರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಹೊರಗೆ ಚಲಪತಿ ಬಾಗಿಲು ಗುದ್ದುತ್ತಿದ್ದ. ಗುದ್ದಿದ್ದು ನನ್ನ ಬೆನ್ನಿಗೇ ತಾಗುತ್ತಿತ್ತು.

“ನಿಮಗೆ ಹೋಗೋಕೆ ಜೀಪೂ ಇಲ್ಲ ಸಾರ್” ಅಂದೆ. “ನಿಧಾನಕ್ಕೆ ಬರೀರಿ. ಇವಳ ಹೆಸರು ಸಂಘಮಿತ್ರ.”

ಮಿತ್ರಾ ಗುಂಡಿಯಿಂದ ಮೇಲೆ ಬರಲಿಲ್ಲ. ಅವಳ ಹಿಂದೆ, ನಾವು ಯಾರೂ ಹೇಳದೆಯೇ, ಮಿಕ್ಕ ಮಕ್ಕಳು ತಮ್ಮ ಸರದಿಗೆ ಸಾಲಾಗಿ ನಿಂತವು.